ಒಳಲೆ ಹಿಡಿದ ಕೈಗೆ ಕಲಿಸುವವರು ಯಾರು?

ಜಿಲ್ಲೆಯ ತಾಯಂದಿರ ಮತ್ತು ಹಸುಗೂಸುಗಳ ಆರೋಗ್ಯದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಾಂದಿ ಹಾಡಿ, ಪರದೆ ಸರಿಸಿ, ನಿಧಾನವಾಗಿ ವಿಷಯಕ್ಕೆ ಬರುವ ತ್ರಾಣ ಈಗ ನನ್ನಲ್ಲಿಲ್ಲ. ಮೊದಲ ಮಾತಿಗೇ ಹೇಳಿಬಿಡುತ್ತೇನೆ: ನನ್ನ ಮೊಮ್ಮಗಳು ಹುಟ್ಟಿದ ವಾರದಲ್ಲೇ ಹಸಿವಿನಿಂದ ನಮ್ಮ ಕೈಬಿಟ್ಟು ಹೋಗುವುದರಲ್ಲಿದ್ದಳು. ಊರಿಗೆ ಕ್ಷಾಮ ಬಂದಿರಲಿಲ್ಲ. ತಾಯಿ ಮಗ್ಗುಲಲ್ಲೇ ಇದ್ದಳು. ತಾಯಿಯ ಎದೆಯಲ್ಲಿ ಹಾಲೂ ಇತ್ತು. ಅಜ್ಜಿ, ತಾತ, ಅಪ್ಪ, ನೆರೆಹೊರೆ ಎಲ್ಲರೂ ಕೂಸಿನ ಸುತ್ತ ನೆರೆದಿದ್ದೆವು. ಇರದೇ ಹೋದವರು ಒಬ್ಬರೇ: ಕೂಸನ್ನು ಎದೆಗೆ ಹೇಗೆ ಹಿಡಿಯಬೇಕೆಂದು ಪಕ್ಕದಲ್ಲಿ ಕೂತು ತೋರಿಸಿಕೊಡುವವರು. ನಿಮ್ಮ ಆಸ್ಪತ್ರೆಯ ಬಾಣಂತಿ ವಾರ್ಡಿನಲ್ಲಿ ಮಂಚವಿತ್ತು, ಫ್ಯಾನಿತ್ತು, ಗೋಡೆಯ ಮೇಲೆ ನಿಮ್ಮ ಇಲಾಖೆಯ ಬಣ್ಣಬಣ್ಣದ ಭಿತ್ತಿಚಿತ್ರವಿತ್ತು. ಆ ಒಬ್ಬರು ಮಾತ್ರ ಇರಲಿಲ್ಲ. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಅದಕ್ಕೆ ಸಾಕ್ಷಿ.

ಅದು ಯಾವ ಆಸ್ಪತ್ರೆ ಎಂದು ನೀವು ಕೇಳುತ್ತೀರಿ. ಹೇಳುವುದಿಲ್ಲ. ಹೇಳಿದರೆ ಅಲ್ಲಿ ಒಂಟಿಯಾಗಿ ಓಡಾಡಿ ಸುಸ್ತಾದ ಒಬ್ಬ ನರ್ಸಮ್ಮನಿಗೆ ನೋಟಿಸು ಕಳಿಸಿ ನೀವು ಕೈ ತೊಳೆದುಕೊಳ್ಳುತ್ತೀರಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕುಗಳ ಸೀಮೆಯಲ್ಲಿ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಈ ಪತ್ರ ಓದಿದ ಮೇಲೆ ನಾಲ್ಕೂ ಕಡೆಯ ಬಾಣಂತಿಯರು ‘ಇದು ನಮ್ಮ ಆಸ್ಪತ್ರೆಯೇ’ ಎಂದರೆ, ಅದಕ್ಕೆ ನಾನು ಜವಾಬ್ದಾರನಲ್ಲ.

ನಾನು ಸಿಂಧಘಟ್ಟದ ಅಕ್ಕಸಾಲಿ. ಬೆಳ್ಳಿ ಬಂಗಾರದ ಕೆಲಸ ನಮ್ಮ ಮನೆಯ ಕಸುಬು. ಹೊಟ್ಟೆಗೆ ಅದು, ಗಂಟಲಿಗೆ ನಾಟಕ. ಪೌರಾಣಿಕ ನಾಟಕ ಎಂದರೆ ನಮ್ಮ ಕಡೆ ಜನ ಊಟ ಬಿಟ್ಟು ಬರುತ್ತಾರೆ. ಆ ನಾಟಕಗಳಲ್ಲಿ ಮೀಸೆ ಹೊತ್ತ ಪಾತ್ರವೆಲ್ಲ ನನ್ನ ಪಾಲಿಗೆ. ಮೈಕು ಕೆಟ್ಟುಹೋದರೂ ಕಟ್ಟಕಡೆಯ ಸಾಲಿನಲ್ಲಿ ತೂಕಡಿಸುತ್ತಿರುವವನು ಎದ್ದು ಕೂರುವಂಥ ಗಂಟಲು ನನ್ನದು. ಆ ಗಂಟಲನ್ನು ಹುಡುಕಿಕೊಂಡೇ ನಿಮ್ಮ ಇಲಾಖೆಯವರು ನನ್ನ ಅಂಗಡಿಗೆ ಬಂದರು. ಆಗಸ್ಟ್ ತಿಂಗಳ ಸ್ತನ್ಯಪಾನ ಸಪ್ತಾಹಕ್ಕೆ ಒಂದು ಜಾಗೃತಿ ನಾಟಕ ಆಡಬೇಕಂತೆ. ನನಗೆ ಕೊಟ್ಟ ಪಾತ್ರದ ಹೆಸರು ಅಜ್ಞಾನಾಸುರ. ಕೈಯಲ್ಲಿ ಗದೆ, ಸೊಂಟದಲ್ಲಿ ಸಕ್ಕರೆ ನೀರಿನ ತಂಬಿಗೆ. ನಿಮ್ಮ ಕಚೇರಿಯಲ್ಲೇ ಬರೆದು ಕೊಟ್ಟ ಮಾತು ಇನ್ನೂ ನನಗೆ ಬಾಯಿಪಾಠ: ‘ಎಲೈ ಹುಲುಮಾನವರೇ! ಹುಟ್ಟಿದ ಶಿಶುವಿಗೆ ಮೊದಲ ಗಂಟೆಯ ಹಾಲು ದಕ್ಕಗೊಡೆನು! ಜೇನು ನೆಕ್ಕಿಸಿ, ಸಕ್ಕರೆ ನೀರು ಕುಡಿಸಿ, ನಿಮ್ಮ ಕುಲವನ್ನೇ ಒಣಗಿಸುವೆನು!’ ಆಮೇಲೆ ಅಮೃತಮಾತೆ ಎಂಬ ಪಾತ್ರ ಬಂದು ನನ್ನನ್ನು ತ್ರಿಶೂಲದಿಂದ ತಿವಿಯಬೇಕು, ನಾನು ಮೂರು ಸುತ್ತು ಸುತ್ತಿ ಬೀಳಬೇಕು, ಸಭೆ ಚಪ್ಪಾಳೆ ತಟ್ಟಬೇಕು, ಮುಖ್ಯ ಅತಿಥಿಗಳು ದೀಪ ಹಚ್ಚಬೇಕು. ಎಲ್ಲವೂ ಹಾಗೆಯೇ ನಡೆಯಿತು. ಚೆನ್ನಾಗಿಯೇ ಸತ್ತೆ. ಸತ್ತು ಬಿದ್ದಿದ್ದಾಗಲೇ ಪಕ್ಕದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನು ಬಗ್ಗಿ ಕಿವಿಯಲ್ಲಿ ಹೇಳಿದ: ‘ಆಚಾರ್ರೇ, ಫೋನ್ ಬಂದದೆ. ನಿಮ್ ಮಗ್ಳಿಗೆ ಎಣ್ ಮಗ ಆಗದೆ, ಆಪ್ರೇಸನ್ ಮಾಡವ್ರಂತೆ.’

ಆ ಸಭಾಭವನದಿಂದ ಆಸ್ಪತ್ರೆಗೆ ನಾಲ್ಕು ಬೀದಿ. ಬಣ್ಣ ತೊಳೆದುಕೊಳ್ಳುವ ವ್ಯವಧಾನವೂ ಇಲ್ಲದೆ ಓಡಿದೆ. ಗೇಟಿನಲ್ಲಿ ಕಾವಲಿನವನು ಕೋಲು ಅಡ್ಡ ಹಿಡಿದ.

‘ಯಾರ್ಲಾ ಅದು? ಇಂಗೆ ಮಕಕ್ಕೆ ಕರಿ ಬಳ್ಕಂಡ್ ಒಳಿಕ್ ಓದ್ರೆ ಉಟ್ಟಿರೋ ಕೂಸ್ಗಳು ಎದ್ರ್ಕಂಡ್ ವಾಪಸ್ ಒಂಟೋಯ್ತವೆ ಕಣ್ಲಾ!’

‘ನಾನು ತಾತ ಕಣಪ್ಪ.’

‘ಯಾವ್ ರಾಕ್ಷಸ್ರಿಗ್ಲಾ ತಾತ?’

ನಗಬೇಡಿ ಮಾನ್ಯರೇ. ಅಥವಾ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದು ಕಡಿಮೆ.

ನಮ್ಮ ಕುಲದಲ್ಲಿ ಒಂದು ರೂಢಿಯಿದೆ. ಕೂಸು ಹುಟ್ಟಿದರೆ ಅದರ ನಾಲಿಗೆಗೆ ಮೊದಲು ತಾಗಬೇಕಾದ್ದು ಚಿನ್ನ. ಸಾಣೆಕಲ್ಲಿನ ಮೇಲೆ ಒಂದು ಹನಿ ಜೇನು ಬಿಟ್ಟು, ಅದರಲ್ಲಿ ಚಿನ್ನದ ತುಂಡನ್ನು ತೇಯ್ದು, ಮನೆಯ ಹಿರಿಯ ಅಕ್ಕಸಾಲಿ ತನ್ನ ಬೆರಳಿನಿಂದಲೇ ಕೂಸಿಗೆ ನೆಕ್ಕಿಸಬೇಕು. ಅದಾಗುವ ತನಕ ಬೇರೆ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಊರಿನ ಒಕ್ಕಲು ಮನೆಗಳವರೂ ಇದಕ್ಕಾಗಿ ನಮ್ಮ ಅಂಗಡಿಗೆ ಬರುವುದುಂಟು. ನನ್ನ ಮಗಳು ಹರ್ಷಿತಳ ಹೊಟ್ಟೆ ಕೊಯ್ದು ಕೂಸನ್ನು ತೆಗೆದು, ಬಟ್ಟೆ ಸುತ್ತಿ, ನನ್ನ ಹೆಂಡತಿ ಚೆಲುವಮ್ಮನ ಮಡಿಲಿಗೆ ಹಾಕಿದರಂತೆ. ನರ್ಸಮ್ಮ ಬಾಗಿಲಲ್ಲಿ ನಿಂತು ‘ಎದೆಗೆ ಹಾಕ್ರಮ್ಮಾ’ ಎಂದು ಒಂದು ಕೂಗು ಹಾಕಿ, ಒಳಗೆ ಇನ್ನೊಬ್ಬಳ ಹೆರಿಗೆಗೆ ಓಡಿದಳಂತೆ. ಆಕೆ ಓಡಿದ್ದು ತಪ್ಪಲ್ಲ, ಅಲ್ಲಿ ಇದ್ದದ್ದೇ ಆಕೆ ಒಬ್ಬಳು. ಚೆಲುವಮ್ಮ ಆ ಖಾಲಿ ಬಾಗಿಲಿಗೆ ಉತ್ತರ ಕೊಟ್ಟಳಂತೆ: ‘ಅವ್ರ ತಾತ ಬರ್ಲಿ ತಾಯಿ.’ ತಾತ ಎಲ್ಲಿದ್ದ? ನಿಮ್ಮ ವೇದಿಕೆಯ ಮೇಲೆ, ನಿಮ್ಮ ಮೈಕಿನ ಮುಂದೆ, ಮೊದಲ ಗಂಟೆಯ ಹಾಲನ್ನು ಯಾರಿಗೂ ದಕ್ಕಗೊಡೆನೆಂದು ಅಬ್ಬರಿಸುತ್ತಿದ್ದ! ನಾಟಕದಲ್ಲಿ ಇಂಥ ಕಾಕತಾಳೀಯ ಬರೆದರೆ ‘ಅತಿಯಾಯಿತು ಆಚಾರ್ರೇ’ ಎಂದು ನಾಟಕ ಕಲಿಸುವ ಮೇಷ್ಟ್ರು ಹೊಡೆದುಹಾಕುತ್ತಿದ್ದರು.

ನಾನು ಹೋಗುವಷ್ಟರಲ್ಲಿ ಮೊದಲ ಗಂಟೆ ಎಂಬುದು ಮುಗಿದು ಹೋಗಿತ್ತು. ಚೆಲುವಮ್ಮ ವರಾಂಡಕ್ಕೆ ಕೂಸನ್ನು ತಂದಳು. ಚೀಲದಿಂದ ಸಾಣೆಕಲ್ಲು, ಜೇನಿನ ಕುಡಿಕೆ ಎರಡನ್ನೂ ಹೊರಗಿಟ್ಟಳು. ‘ಬೇಗ ತೇಯಿರಿ, ಮಗ ಬಾಯ್ ಒಣಗ್ಸ್ಕಂಡ್ ಕುಂತದೆ’ ಎಂದಳು. ನನ್ನ ಬಾಯಲ್ಲಿ ಆಗಷ್ಟೇ ಆಡಿ ಬಂದ ನಿಮ್ಮ ಮಾತುಗಳು ಇನ್ನೂ ಬಿಸಿಯಾಗಿದ್ದವು. ‘ಜೇನು ಹಾಕಕೂಡ್ದಂತೆ ಕಣೇ. ಹಸುಗೂಸ್ಗೆ ಅದು ವಿಷ ಆಗ್ಬೋದಂತೆ. ಮೊದ್ಲು ಹರ್ಷಿತನ್ ಎದೇಗ್ ಹಾಕು’ ಎಂದೆ.

‘ಯಾರ್ ಯೋಳಿದ್ದು?’

‘ನಾಟ್ಕದಲ್ಲೇ ಐತೆ.’

‘ಅದು ನಾಟ್ಕ ಕಣಪ್ಪ, ಇದು ಮನೆ! ಸ್ಟೇಜ್ ಮ್ಯಾಗೆ ಆಡಿದ್ನೆಲ್ಲ ಮನೇಲ್ ಮಾಡಕಾಯ್ತದಾ? ಓದ್ ವರ್ಸ ನೀವು ಸ್ಟೇಜ್ ಮ್ಯಾಗೆ ಒಡುಟ್ಟಿದ್ ತಮ್ಮುನ್ನೇ ಕೊಂದ್ಬುಟ್ರಿ, ಮನೀಗ್ ಬಂದ್ ಕೊಂದ್ರಾ?’

ಮಾನ್ಯರೇ, ಈ ಮಾತನ್ನು ನಿಮ್ಮ ಕಚೇರಿಯ ಗೋಡೆಗೆ ಬರೆಸಿ ಹಾಕಿಕೊಳ್ಳಿ. ನಿಮ್ಮ ಸಪ್ತಾಹಗಳ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆ ನನ್ನ ಬಾಯಿಂದ ಬರಲಾರದು. ವೇದಿಕೆಯ ಮೇಲೆ ಹೇಳಿದ್ದನ್ನು ಜನ ವೇದಿಕೆಯ ಮಾತೆಂದೇ ಕೇಳುತ್ತಾರೆ. ಶಾಲು, ಹಾರ, ಫಲತಾಂಬೂಲ, ಗುಂಪು ಫೋಟೋ, ಇವುಗಳ ನಡುವೆ ಬಂದ ಜ್ಞಾನಕ್ಕೆ ಅಷ್ಟೇ ಬೆಲೆ. ಆದರೂ ಆ ದಿನ ನಾನು ಗಂಟಲು ಏರಿಸಿದೆ, ಇಡೀ ವರಾಂಡ ನಮ್ಮ ಕಡೆ ತಿರುಗಿತು, ನಾಚಿಕೆಗೆ ಚೆಲುವಮ್ಮ ಸಾಣೆಕಲ್ಲನ್ನು ಚೀಲಕ್ಕೆ ಹಾಕಿಕೊಂಡಳು. ಗೆದ್ದೆ ಎಂದುಕೊಂಡೆ. ನಿಮ್ಮ ನಾಟಕವೂ ಅಲ್ಲಿಗೇ ಮುಗಿಯುತ್ತದಲ್ಲವೇ? ಅಸುರ ಸತ್ತ, ಅಮೃತಮಾತೆ ನಿಂತಳು, ಮಂಗಳಾರತಿ. ಆದರೆ ಅಮೃತವನ್ನು ಕುಡಿಸುವುದು ಹೇಗೆ ಎಂಬ ಅಂಕವನ್ನು ನಿಮ್ಮಲ್ಲಿ ಯಾರೂ ಬರೆದಿರಲಿಲ್ಲ.

ಪರದೆಯ ಆಚೆ ನನ್ನ ಮಗಳು ಅಂಗಾತ ಮಲಗಿದ್ದಳು. ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ಏಳಲಾಗದು, ಹೊರಳಲಾಗದು. ಚೆಲುವಮ್ಮ ಕೂಸನ್ನು ಮೇಲಿನಿಂದ ಇಳಿಬಿಟ್ಟು ಹಿಡಿದಳು. ಕೂಸು ತೊಟ್ಟಿನ ತುದಿಯನ್ನಷ್ಟೇ ಕಚ್ಚಿತು. ಹರ್ಷಿತ ಚೀರಿದಳು. ಕೂಸೂ ಚೀರಿತು. ಮತ್ತೆ ಹಿಡಿದರು, ಮತ್ತೆ ಚೀರಿದರು. ಬೆಳಗಾಗುವುದರೊಳಗೆ ತೊಟ್ಟು ಬಿರಿದು ರಕ್ತ ಜಿನುಗಿತು. ಎದೆಯಿಂದ ಬಂದದ್ದು ಗಟ್ಟಿಯಾದ ಹಳದಿ ಹನಿ ಕೆಲವೇ ಕೆಲವು. ಪಕ್ಕದ ಮಂಚದ ಹೆಂಗಸು ಅದನ್ನು ನೋಡಿ, ‘ಇದೇನ್ ಇಂಗೆ ಕೀವಿನಂಗೆ ಅದೆ? ಇಂಡಿ ಚೆಲ್ಬುಡಿ’ ಎಂದಳು. ಎದುರಿನ ಮಂಚದವಳು ‘ಆಪ್ರೇಸನ್ ಆದವ್ರಿಗೆ ಆಲು ಬರಕಿಲ್ಲ ಕಣಕ್ಕ, ನಮ್ ನಾದ್ನಿಗೂ ಇಂಗೇ ಆಗಿತ್ತು’ ಎಂದಳು. ಅಲ್ಲಿದ್ದ ಎಲ್ಲರೂ ಏನಾದರೊಂದು ಹೇಳಿದರು, ಯಾಕೆಂದರೆ ಹೇಳಬೇಕಾದವರು ಅಲ್ಲಿರಲಿಲ್ಲ. ಆ ಹಳದಿ ಹನಿಯೇ ಕೂಸಿಗೆ ಮೊದಲ ರಕ್ಷೆ, ಹುಟ್ಟಿದ ಕೂಸಿನ ಹೊಟ್ಟೆ ಗೋಲಿಯಷ್ಟೇ ಇರುವುದರಿಂದ ಆ ಕೆಲವೇ ಹನಿ ಮೊದಲಿಗೆ ಸಾಕು, ಹಾಲು ತುಂಬಿಕೊಳ್ಳಲು ಒಂದೆರಡು ದಿನ ಹಿಡಿಯುತ್ತದೆ, ಅಲ್ಲಿಯತನಕ ಕೂಸನ್ನು ಮತ್ತೆ ಮತ್ತೆ ಎದೆಗೆ ಹಾಕುತ್ತಲೇ ಇರಬೇಕು, ಹೊಟ್ಟೆ ಕೊಯ್ದವಳು ಮಗ್ಗುಲಾಗಿ ಮಲಗಿಯೂ ಹಾಲೂಡಿಸಬಹುದು. ಇದನ್ನೆಲ್ಲ ಹೇಳಲು ಎಷ್ಟು ಹೊತ್ತು ಬೇಕು? ನನ್ನಂಥ ಉದ್ದ ಮಾತಿನವನಿಗೂ ಒಂದು ಉಸಿರು ಸಾಕಾಯಿತು. ಆದರೆ ಗೋಡೆಯ ಮೇಲಿನ ನಿಮ್ಮ ಚಿತ್ರ ನೋಡಿ. ತಲೆಗೂದಲು ನೀಟಾಗಿ ಬಾಚಿಕೊಂಡ ತಾಯಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ನಗುತ್ತ ಕುಳಿತಿದ್ದಾಳೆ. ಮಗು ಎದೆಗೆ ಆನಿಕೊಂಡಿದೆ. ಕೆಳಗೆ ‘ತಾಯಿ ಹಾಲೇ ಅಮೃತ’. ಹರ್ಷಿತ ಆ ಚಿತ್ರವನ್ನು ನೋಡುತ್ತ ನೋಡುತ್ತ ಅತ್ತಳಂತೆ. ‘ಎಲ್ರಿಗೂ ಆಯ್ತದೆ, ನಂಗೇ ಯಾಕಮ್ಮ ಆಗಕಿಲ್ಲ?’ ಎಂದಳಂತೆ. ಅದು ಉತ್ತೇಜನ ಕೊಡುವ ಚಿತ್ರವೋ, ಆರೋಪಪಟ್ಟಿಯೋ?

ಆಗ ಚೀಲದಿಂದ ಹೊರಬಂದದ್ದು ಒಳಲೆ. ಕೂಸಿಗೆ ಹಾಲು ಬಿಡುವ, ಮೂತಿ ಚೂಪಾದ ಪುಟ್ಟ ಬಟ್ಟಲು. ಮಗಳ ಸೀಮಂತದ ಹೊತ್ತಿಗೆ ನಾನೇ ಬೆಳ್ಳಿಯಲ್ಲಿ ಮಾಡಿದ್ದು. ಚೆಲುವಮ್ಮ ಅದರಲ್ಲಿ ಸಕ್ಕರೆ ನೀರು ಕಲಸಿ ಕೂಸಿನ ಬಾಯಿಗೆ ಹನಿ ಹನಿಯಾಗಿ ಬಿಟ್ಟಳು. ಕೂಸು ಚಪ್ಪರಿಸಿತು. ಅಳು ನಿಂತಿತು. ವಾರ್ಡೇ ನಿಟ್ಟುಸಿರು ಬಿಟ್ಟಿತು, ಸಕ್ಕರೆ ನೀರಿನ ತಂಬಿಗೆ ಕಟ್ಟಿಕೊಂಡು ಕುಣಿದು ಬಂದಿದ್ದ ನಾನೂ ಬಿಟ್ಟೆ. ಆಮೇಲೆ ನೀರು ಬೆರೆಸಿದ ಹಸುವಿನ ಹಾಲು. ಈಗ ಹೇಳಿ, ಎಲ್ಲಿದ್ದ ನಿಮ್ಮ ಅಜ್ಞಾನಾಸುರ? ಕೋರೆಹಲ್ಲು, ಗದೆ, ಕರಿ ಬಣ್ಣ ಯಾವುದೂ ಅಲ್ಲಿರಲಿಲ್ಲ. ಇದ್ದವಳು ಎರಡು ದಿನ ಕಣ್ಣು ಮುಚ್ಚದ ಒಬ್ಬ ಅಜ್ಜಿ. ಹಸಿದು ಅಳುವ ಕೂಸು, ನೋವಿಗೆ ಅಳುವ ಮಗಳು, ನಡುವೆ ಕೈಯಲ್ಲಿ ಒಳಲೆ. ಅವಳಿಗೆ ಬೇರೆ ಏನು ತೋರಿಸಿದ್ದಿರಿ ನೀವು? ಒಬ್ಬರೂ ಏನೂ ಕಲಿಸದೆ ಬಿಟ್ಟವಳಿಗೆ, ಅವಳ ತಾಯಿ ಕಲಿಸಿದ್ದೊಂದೇ ಗತಿ. ಅವಳನ್ನೇ ಅಸುರನನ್ನಾಗಿ ಮಾಡಿ, ಆ ವೇಷ ನನಗೆ ಹಾಕಿಸಿ ಕುಣಿಸಿದಿರಲ್ಲ, ಅದು ನಿಮಗೆ ನಾಚಿಕೆ ಅನ್ನಿಸಲಿಲ್ಲವೇ?

ಮನೆಗೆ ಕಳಿಸಿದರು. ಊರಿನಲ್ಲಿ ಕೂಸನ್ನು ನೋಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಎದುರು ಮನೆಯ ಸಿದ್ದಲಿಂಗಮ್ಮ ಹಸು ಸಾಕಿ ಡೇರಿಗೆ ಹಾಲು ಹಾಕುವವಳು, ಮಾತು ಜೋರು. ತೊಟ್ಟಿಲಿಗೆ ಬಗ್ಗಿ, ‘ಅಯ್ಯಯ್ಯೋ, ಎಷ್ಟ್ ಒಳ್ಳೆ ಮಗ ಕಣಕ್ಕ! ಕಿಂವ್ ಅನ್ನಕಿಲ್ಲ. ತಾತನ ಗಂಟ್ಲು ಬರ್ನಿಲ್ಲ ಸದ್ಯ!’ ಎಂದಳು. ನಾವೆಲ್ಲ ನಕ್ಕೆವು. ಕೂಸು ಅಳಲಿಲ್ಲ, ಏಳಲಿಲ್ಲ, ಮಲಗಿಯೇ ಇತ್ತು. ಅಳುವ ಶಕ್ತಿಯೂ ಉಡುಗಿದ ಕೂಸನ್ನು ನಾವು ಸಾಧು ಕೂಸು ಎಂದು ಕೊಂಡಾಡುತ್ತಿದ್ದೆವು. ಬಾಣಂತಿ ನೀರು ಕುಡಿದರೆ ಶೀತವಾಗುತ್ತದೆಂದು ಹರ್ಷಿತಳಿಗೆ ನೀರನ್ನೂ ಬಿಗಿ ಹಿಡಿದಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡು, ತುಟಿ ಒಣಗಿಸಿಕೊಂಡು ಅವಳು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನಿಮ್ಮ ಕಡೆಯಿಂದ ಮನೆ ಮನೆಗೆ ಬರುವ ಹೆಣ್ಣುಮಗಳೂ ಬಂದಳು, ಇಲ್ಲ ಎನ್ನುವುದಿಲ್ಲ. ಪಾಪ, ಆಕೆ ಕೂಸಿನ ಮುಖ ನೋಡುವ ಮೊದಲು ನೀವು ಕೊಟ್ಟ ಮೊಬೈಲಿನ ಮುಖ ನೋಡಬೇಕಿತ್ತು. ಅದು ಕೇಳಿದ್ದಕ್ಕೆಲ್ಲ ಉತ್ತರ ತುಂಬುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ‘ಎದೆ ಹಾಲೇ ಕೊಡ್ರಮ್ಮ’ ಎಂದಳು. ‘ಕೊಡ್ತಾವ್ಳೆ’ ಎಂದಳು ಚೆಲುವಮ್ಮ. ಆಕೆಗೆ ಇನ್ನೂ ಮೂರು ಊರು ಬಾಕಿ ಇದ್ದವು.

ಪಾಂಡವಪುರದಿಂದ ಅಳಿಯ ಯೋಗೇಶ್ ಬಂದ. ಮರಗೆಲಸದವನು, ಮಾತು ಕಡಿಮೆ. ಮಗಳನ್ನು ಎತ್ತಿಕೊಂಡು ಅಂಗಳದ ಬೆಳಕಿಗೆ ಬಂದ. ಸುತ್ತಿದ ಬಟ್ಟೆಯೊಳಗೆ ಕೈ ಹಾಕಿ ನೋಡಿದ.

‘ಮಾವ, ಬೆಳಗಿಂದ ಮಗಿನ್ ಬಟ್ಟೆ ಒಣ್ಗೇ ಅದಲ್ಲ.’

‘ಬೇಸ್ಗೆ ಅಲ್ವೇನಪ್ಪ’ ಎಂದೆ. ಬೇಸಿಗೆಯಾಗಿರಲಿಲ್ಲ. ಬಾಯಿಗೆ ಬಂದದ್ದು ಅದು.

‘ಕಣ್ಣೂ ಅರಿಶಿಣ ಆಗದೆ ನೋಡಿ. ಮುಟ್ಟಿದ್ರೂ ಏಳ್ತಾ ಇಲ್ಲ.’

ಚೆಲುವಮ್ಮ ಒಳಗಿಂದ ಓಡಿಬಂದಳು. ‘ಮಲಗಿರೋ ಮಗೀನ ಯಾಕ್ ಎಬ್ಬುಸ್ತೀಯೋ?’ ಎಂದವಳು, ಕೂಸಿನ ಪಾದಕ್ಕೆ ಬೆರಳಿನಿಂದ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಕೂಸು ಕಣ್ಣು ಬಿಡಲಿಲ್ಲ. ಅವಳ ಮುಖ ನೋಡಲಾಗಲಿಲ್ಲ ನನಗೆ. ಎಷ್ಟೋ ಸಾವಿನ ದೃಶ್ಯ ಆಡಿದ್ದೇನೆ ಮಾನ್ಯರೇ. ಎದೆ ಬಡಿದುಕೊಂಡು ಕಂದಪದ್ಯ ಹಾಡಿ ಹೆಂಗಸರನ್ನೆಲ್ಲ ಅಳಿಸಿದ್ದೇನೆ. ಆ ದಿನ ಜಿಲ್ಲಾ ಕೇಂದ್ರದ ಕಡೆ ಕಾರಿನಲ್ಲಿ ಹೋಗುವಾಗ ನನ್ನ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಹಿಂದಿನ ಸೀಟಿನಲ್ಲಿ ಚೆಲುವಮ್ಮ ಕೂಸಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ‘ಉಸ್ರಾಡ್ತಾ ಅದೆ, ಉಸ್ರಾಡ್ತಾ ಅದೆ’ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಹರ್ಷಿತ ಹೊಲಿಗೆ ಹಿಡಿದುಕೊಂಡು ಬಿಕ್ಕುತ್ತಿದ್ದಳು.

ದೊಡ್ಡ ಆಸ್ಪತ್ರೆಯ ವೈದ್ಯರು ಕೂಸನ್ನು ನೋಡಿದ ಕೂಡಲೇ ಒಳಗೆ ತೆಗೆದುಕೊಂಡರು. ಹೊಟ್ಟೆಗೆ ಸಾಕಷ್ಟು ಬಿದ್ದಿಲ್ಲ, ಮೈಯಲ್ಲಿ ನೀರು ಆರಿದೆ, ಕಾಮಾಲೆ ಏರಿದೆ, ಸಕ್ಕರೆ ಅಂಶ ಇಳಿದಿದೆ ಎಂದರು. ಸಕ್ಕರೆ ನೀರು ಕುಡಿಸಿದ ಕೂಸಿಗೆ ಸಕ್ಕರೆ ಅಂಶ ಇಳಿಯುವುದೆಂದರೇನು ಎಂದು ನಾನು ಪೆದ್ದನಂತೆ ಕೇಳಿದೆ. ‘ನಾಲಿಗೆಗೆ ಸಿಹಿ ಆಯ್ತು, ಹೊಟ್ಟೆಗೆ ಆಹಾರ ಆಗ್ಲಿಲ್ಲ’ ಎಂದರು. ‘ಅದರಿಂದ ಹಸಿವು ಮರೆತು ಮಲಗ್ತು. ಮಲಗಿದ್ದಕ್ಕೆ ಎದೆ ಚೀಪಲಿಲ್ಲ. ಚೀಪದೆ ಇದ್ದದ್ದಕ್ಕೆ ಹಾಲು ಏರಲಿಲ್ಲ.’ ಕೂಸನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿ, ಕೈಗೆ ಸೂಜಿ ಚುಚ್ಚಿದರು. ‘ಇವತ್ತು ಬಂದಿರಿ, ಒಳ್ಳೇದಾಯ್ತು’ ಎಂದರು.

ಮರುದಿನ ಅಲ್ಲಿನ ವಾರ್ಡಿಗೆ ಸಹನ ಎಂಬ ನರ್ಸ್ ಬಂದಳು. ಬಂದವಳು ಒಂದು ಸ್ಟೂಲು ಎಳೆದುಕೊಂಡು ಹರ್ಷಿತಳ ಮಂಚದ ಪಕ್ಕ ಕೂತಳು. ಮಾನ್ಯರೇ, ಕೂತಳು! ಈ ಇಡೀ ಕಥೆಯಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಮಗಳ ಪಕ್ಕ ಕೂತದ್ದು ಅದು. ನಾನು ಪರದೆಯ ಹೊರಗಿದ್ದೆ, ಮಾತು ಕೇಳುತ್ತಿತ್ತು. ಮೊದಲು ಹರ್ಷಿತಳಿಗೆ ಎರಡು ಲೋಟ ನೀರು ಕುಡಿಸಿದಳು. ಚೆಲುವಮ್ಮ ‘ಬಾಣಂತಿಗೆ ನೀರಾ?’ ಎಂದು ಬಾಯಿ ತೆರೆದಳು. ‘ಬಾವಿ ಬತ್ತಿಸ್ಬಿಟ್ಟು ಬಿಂದಿಗೆ ತುಂಬಿ ಅಂದ್ರೆ ಹೆಂಗಮ್ಮ?’ ಎಂದಳು ಸಹನ. ಆಮೇಲೆ, ಎದೆಯಿಂದ ಕೈಯಲ್ಲೇ ಹಾಲು ಹಿಂಡುವುದನ್ನು ಹರ್ಷಿತಳಿಗೆ ತೋರಿಸುತ್ತ, ‘ಮಗೂಗೆ ಇನ್ನೂ ಚೀಪೋ ಶಕ್ತಿ ಬಂದಿಲ್ಲ, ಅಲ್ಲಿತನಕ ಇದನ್ನೇ ಕುಡಿಸೋಣ. ನಿಮ್ಮತ್ರ ಒಳಲೆ ಇದ್ಯಾ?’ ಎಂದು ಕೇಳಿದಳು.

ಚೆಲುವಮ್ಮ ಒಳಲೆಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದಳು. ಅದರಿಂದಲೇ ಇಷ್ಟೆಲ್ಲ ಆದದ್ದು, ಎಲ್ಲರೂ ತನ್ನನ್ನೇ ಬೈಯುತ್ತಾರೆ ಎಂದು. ಮೆಲ್ಲನೆ ಹೊರಗೆ ತೆಗೆದಳು. ಸಹನ ಅದನ್ನು ತಿರುಗಿಸಿ ನೋಡಿ, ‘ಎಷ್ಟು ಚೆನ್ನಾಗಿದೆ! ಇದನ್ನ ಕುದಿಯೋ ನೀರಲ್ಲಿ ಹಾಕಿ ತನ್ನಿ. ಬಾಟ್ಲಿ, ನಿಪ್ಪಲ್ಲು ಏನೂ ಬೇಡ. ಒಳಲೆ ಬದಲಾಯಿಸ್ಬೇಡಿ ಅಮ್ಮ, ಒಳಗೆ ಹಾಕೋದನ್ನ ಬದಲಾಯಿಸಿ’ ಎಂದಳು. ಆ ಮಾತು ಕೇಳಿ ನನ್ನ ಹೆಂಡತಿ ಅತ್ತಳು. ಆಪರೇಷನ್ ದಿನ ಅಳದವಳು, ಕಾರಿನಲ್ಲಿ ಅಳದವಳು, ಆಗ ಅತ್ತಳು.

ಕೂಸಿಗೆ ಶಕ್ತಿ ಬಂದ ಮೇಲೆ ಎದೆಗೆ ಹಿಡಿಸುವ ಪಾಠವಾಯಿತು. ಮಗಳನ್ನು ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ದಿಂಬು ಕೊಟ್ಟು, ‘ಹೊಟ್ಟೆಗೆ ಹೊಟ್ಟೆ ತಾಗ್ಲಿ. ಮೂಗು ತೊಟ್ಟಿನ ಎದುರಿಗೆ ಬರ್ಲಿ. ಆಕಳಿಸೋ ಹಾಗೆ ಬಾಯಿ ಅಗಲ ತೆಗೆಯೋವರ್ಗೂ ಕಾಯಿರಿ. ಆಮೇಲೆ ಮಗೂನ ಎದೆ ಹತ್ರ ತನ್ನಿ, ಎದೇನ ಮಗು ಹತ್ರ ಬಗ್ಗಿಸ್ಬೇಡಿ. ತೊಟ್ಟೊಂದೇ ಅಲ್ಲ, ಸುತ್ತಿನ ಕಪ್ಪೂ ಬಾಯೊಳಗೆ ಹೋಗ್ಬೇಕು, ಗಲ್ಲ ಎದೆಗೆ ಒತ್ತಿರ್ಬೇಕು. ನೋವಾದ್ರೆ ಸರಿಯಾಗಿ ಹಿಡಿದಿಲ್ಲ ಅಂತ. ಬಾಯಿ ಅಂಚಲ್ಲಿ ಕಿರುಬೆರಳು ತೂರಿಸಿ ಬಿಡಿಸ್ಕೊಳ್ಳಿ, ಇನ್ನೊಂದ್ಸಲ ಹಿಡಿಸಿ’ ಎಂದು ಒಂದೊಂದಾಗಿ ಹೇಳಿದಳು. ಮೊದಲ ಸಲ ಆಗಲಿಲ್ಲ. ಮತ್ತೊಂದು ಸಲವೂ ಆಗಲಿಲ್ಲ. ಸಹನ ಏಳಲಿಲ್ಲ. ಆಮೇಲೆ ಪರದೆಯ ಆಚೆ ಎಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದೊಳಗೆ ಗುಟುಕ್, ಗುಟುಕ್ ಎಂದು ಪುಟ್ಟ ಸದ್ದು. ‘ನುಂಗ್ತಾ ಅವ್ಳೆ!’ ಎಂದಳು ಚೆಲುವಮ್ಮ. ಆಮೇಲೆ ಅವಳೇ ಕೇಳಿದಳು, ಕೋಪವಿಲ್ಲದೆ, ಬಹಳ ಸುಸ್ತಾದ ದನಿಯಲ್ಲಿ: ‘ಇಷ್ಟೇನಾ ತಾಯಿ? ಇದ್ನ ಮೊದ್ಲೇ ಯಾಕ್ ಯಾರೂ ಯೋಳ್ಕೊಡ್ನಿಲ್ಲ?’

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಸಹನ ಅಲ್ಲ. ನೀವು. ಅದಕ್ಕಾಗಿಯೇ ಈ ಪತ್ರ.

ಮೊಮ್ಮಗಳು ಉಳಿದಳು. ಈಗ ಕೂಗುತ್ತಾಳೆ, ಬೀದಿಯ ಆ ತುದಿಗೆ ಕೇಳುವಂತೆ ಕೂಗುತ್ತಾಳೆ, ಬಟ್ಟೆ ಮೇಲೆ ಬಟ್ಟೆ ಒದ್ದೆ ಮಾಡುತ್ತಾಳೆ, ನಮಗೆ ಅದೇ ಹಬ್ಬ. ಚೆಲುವಮ್ಮ ಅಲ್ಲಿ ಕಲಿತದ್ದನ್ನೆಲ್ಲ ಸಿದ್ದಲಿಂಗಮ್ಮನಿಗೆ ಹೇಳಿದಾಗ, ಆ ಹೆಂಗಸು ಹಣೆ ಹಣೆ ಚಚ್ಚಿಕೊಂಡಳು. ‘ಅಯ್ಯೋ ನನ್ ಮನೆ ಕಾಯ್ವಾಗ! ಕರ ಬುಡ್ದೆ ಅಸ ಆಲ್ ಸೊರ ಬುಡಕಿಲ್ಲ ಅಂತ ದಿನಾ ಬೆಳಗೆದ್ದು ಕೊಟ್ಟಿಗೇಲ್ ನೋಡ್ತೀನಿ. ಎಣ್ ಮಕ್ಳಿಗ್ ಮಾತ್ರ ಮಗೀನ್ ಬಾಯಿ ತಾಗೋಕ್ ಮೊದ್ಲೇ ಆಲಿಲ್ಲ ಅಂದ್ಬುಡ್ತೀವಲ್ಲ ಕಣಕ್ಕ!’ ಎಂದಳು. ನೋಡಿ ಮಾನ್ಯರೇ, ಈ ಜನಕ್ಕೆ ಅರ್ಥವಾಗದ್ದು ಏನೂ ಇಲ್ಲ. ಅವರ ಭಾಷೆಯಲ್ಲಿ, ಅವರ ಪಕ್ಕದಲ್ಲಿ ಕೂತು ಹೇಳಬೇಕಷ್ಟೇ. ಹಸು ಕರು ಹಾಕಿ ಕೆಚ್ಚಲು ಬಾತರೆ ನಮ್ಮೂರಿಗೆ ಪಶುವೈದ್ಯರು ಬೈಕಿನಲ್ಲಿ ಬರುತ್ತಾರೆ, ಬಂದು ಕೊಟ್ಟಿಗೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಹೆಣ್ಣುಮಗಳ ಎದೆ ಬಾತರೆ ಬರುವವರು ಯಾರು? ಒಂದು ಚಿತ್ರ, ಒಂದು ಘೋಷವಾಕ್ಯ, ವರ್ಷಕ್ಕೊಮ್ಮೆ ನಾನು.

ನಿಮ್ಮ ಉತ್ತರ ಹೇಗಿರುತ್ತದೆಂದು ನನಗೆ ಗೊತ್ತು. ಸಿಬ್ಬಂದಿ ಕೊರತೆ, ಪ್ರಸ್ತಾವನೆ ಸಲ್ಲಿಸಲಾಗಿದೆ, ಸರ್ಕಾರದ ಹಂತದಲ್ಲಿದೆ. ಈ ಸಂಭಾಷಣೆ ನಾನು ಬಹಳ ನಾಟಕಗಳಲ್ಲಿ ಕೇಳಿದ್ದೇನೆ, ಹೇಳುವ ಮಂತ್ರಿಯ ಪೇಟ ಮಾತ್ರ ಬೇರೆ ಬೇರೆ. ನಾನು ಕೇಳುವುದು ಕಟ್ಟಡವಲ್ಲ, ಯಂತ್ರವಲ್ಲ. ಬಾಣಂತಿ ವಾರ್ಡಿನಲ್ಲಿ ಹಗಲೂ ರಾತ್ರಿಯೂ ಒಬ್ಬರು, ಹೆರಿಗೆ ಕೋಣೆಗೆ ಓಡಬೇಕಾಗಿಲ್ಲದ ಒಬ್ಬರು, ಪ್ರತಿ ತಾಯಿಯ ಪಕ್ಕ ಕೂತು ಕೂಸು ನುಂಗುವ ಸದ್ದು ಕೇಳುವ ತನಕ ಏಳದ ಒಬ್ಬರು. ಮನೆಗೆ ಕಳಿಸುವ ಮುನ್ನ ಅವರ ಒಪ್ಪಿಗೆ ಬೇಕೆಂಬ ನಿಯಮ. ಮನೆಗೆ ಹೋದ ಮೇಲೆ ಮೊದಲ ದಿನಗಳಲ್ಲೇ ಮೊಬೈಲನ್ನು ಚೀಲದಲ್ಲಿಟ್ಟು ಕೂಸಿನ ಬಟ್ಟೆ ಮುಟ್ಟಿ ನೋಡುವ ಒಂದು ಭೇಟಿ. ಮತ್ತು ಎಲ್ಲಕ್ಕಿಂತ ಮೊದಲು, ಬಸುರಿಯನ್ನು ತಪಾಸಣೆಗೆ ಕರೆಯುವ ದಿನ ಅವಳ ತಾಯಿಯನ್ನೂ ಅತ್ತೆಯನ್ನೂ ಗಂಡನನ್ನೂ ಒಳಗೆ ಕರೆದು ಕೂರಿಸಿ. ನಮ್ಮ ಕಡೆ ಬಾಣಂತಿ ಕಂಬಳಿ ಹೊದ್ದು ಮಲಗಿರುತ್ತಾಳೆ. ಕೂಸು ಇರುವುದು ಅಜ್ಜಿಯ ಮಡಿಲಲ್ಲಿ. ಅಜ್ಜಿಗೆ ಕಲಿಸದೆ ತಾಯಿಗೆ ಘೋಷವಾಕ್ಯ ಕೂಗಿದರೆ ಏನು ಬಂತು? ಇದನ್ನು ಮಾಡುವ ತನಕ ನಿಮ್ಮ ಸಪ್ತಾಹದ ವೇದಿಕೆಗೆ ನನ್ನನ್ನು ಕರೆಯಬೇಡಿ. ನಾನು ಬರುವುದಿಲ್ಲ.

ಇಷ್ಟಕ್ಕೆ ಮುಗಿಸೋಣವೆಂದಿದ್ದೆ. ಆದರೆ ನಿನ್ನೆ ಸಂಜೆ ಸಿದ್ದಲಿಂಗಮ್ಮನ ಸೊಸೆ ಅನಿತ ಮೊದಲ ಸಲ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಳು. ಹೊಟ್ಟೆಯಲ್ಲಿ ಎರಡು ಕೂಸುಗಳಿವೆಯಂತೆ. ಈ ತಿಂಗಳ ಕೊನೆಗೆ ಹೆರಿಗೆ. ಸೇರುವುದು ಅದೇ ಆಸ್ಪತ್ರೆಗೆ, ಅದೇ ವಾರ್ಡಿಗೆ. ಜೊತೆಗೆ ಬಾ ಎಂದು ಚೆಲುವಮ್ಮನನ್ನು ಕರೆದಿದ್ದಾರೆ, ಅವಳೀಗ ನಮ್ಮ ಬೀದಿಯಲ್ಲಿ ಈ ವಿಷಯ ಬಲ್ಲವಳು. ಒಪ್ಪಿಕೊಂಡು ಬಂದವಳು ಜಗುಲಿಯ ಮೇಲೆ ನನ್ನ ಪಕ್ಕ ಕೂತಳು. ಎರಡೂ ಕೈಗಳನ್ನು ಮಡಿಲಿನಲ್ಲಿ ಆ ಕಡೆ ಒಂದು, ಈ ಕಡೆ ಒಂದು ಇಟ್ಟುಕೊಂಡು, ಅಳತೆ ನೋಡುವವಳಂತೆ ಆಡಿಸುತ್ತ ಕೇಳಿದಳು:

‘ಇವ್ರೇ, ಎಲ್ಡ್ ಕೂಸ್ನ ಎಂಗೆ ಇಡ್ಸೋದು? ಆ ಸಿಸ್ಟ್ರು ನಂಗೆ ಒಂದಕ್ಕೇ ಯೋಳ್ಕೊಟ್ಟಿದ್ದು.’

ನನಗೆ ಗೊತ್ತಿಲ್ಲ ಮಾನ್ಯರೇ. ಗೊತ್ತಿರುವವರು ಯಾರೆಂದು ನಿಮಗೆ ಗೊತ್ತು. ಅನಿತ ಆ ವಾರ್ಡಿನ ಬಾಗಿಲು ದಾಟುವ ಮುನ್ನ, ಅಲ್ಲಿಗೆ ಅವರನ್ನು ಕಳಿಸಿಕೊಡಿ.

ಇಂತಿ,
ಇಷ್ಟು ದೊಡ್ಡ ಗಂಟಲಿದ್ದೂ ಹೆಂಡತಿಯ ಇಷ್ಟು ಚಿಕ್ಕ ಪ್ರಶ್ನೆಗೆ ಉತ್ತರ ಹೊರಡದ,
ಲಕ್ಷ್ಮಣಾಚಾರಿ
ಸಿಂಧಘಟ್ಟ, ಕೆ.ಆರ್. ಪೇಟೆ ತಾಲೂಕು